ವೇಲ್ಸಿನ ಪಾಳುಬಿದ್ದ ಸ್ಲೇಟು ಗಣಿ ಗೋಡೆಯ ಚಿತ್ರವಾಗುವ ಬಗೆ

ವಾಯವ್ಯ ವೇಲ್ಸಿನ ಪಾಳುಬಿದ್ದ ಸ್ಲೇಟು ಗಣಿಗಳ ಛಾಯಾಚಿತ್ರಗಳನ್ನು ದೊಡ್ಡ ಅಳತೆಯಲ್ಲಿ ಮುದ್ರಿಸಿ, ಚೌಕಟ್ಟು ಹಾಕಿ, ಮನೆಯ ಹಜಾರದಲ್ಲೋ ಕಚೇರಿಯ ಗೋಡೆಯ ಮೇಲೋ ತೂಗುಹಾಕುವವರಿದ್ದಾರೆ. ಅಂಥ ಒಂದು ಚಿತ್ರದ ಮುಂದೆ ನಿಂತಾಗ ಮೊದಲು ಕಾಣುವುದು ಬಣ್ಣ ಕಡಿಮೆಯಿರುವ, ಮಂಜು ಕವಿದ, ಸದ್ದಿಲ್ಲದ ಒಂದು ಬೆಟ್ಟ: ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಕಪ್ಪು ಬಂಡೆ, ಅದರ ಬುಡದಲ್ಲಿ ಜಾರಿ ನಿಂತ ಕಲ್ಲಿನ ರಾಶಿ, ಚಾವಣಿ ಕಳೆದುಕೊಂಡ ಒಂದೆರಡು ಗೋಡೆ, ಸಂದಿಯಲ್ಲಿ ಬೆಳೆದ ಬರ್ಚ್ ಗಿಡ. ಇದನ್ನು ನಿಸರ್ಗದ ಚಿತ್ರವೆಂದು ಮೆಚ್ಚಿ ಮುಂದೆ ಸಾಗುವುದು ಸುಲಭ. ಆದರೆ ಆ ಚೌಕಟ್ಟಿನೊಳಗೆ ಆಕಾಶವನ್ನೂ ಮಂಜನ್ನೂ ಗಿಡವನ್ನೂ ಬಿಟ್ಟರೆ ನಿಸರ್ಗ ತಾನಾಗಿ ಎಳೆದ ಗೆರೆಗಳು ತೀರಾ ಕಡಿಮೆ. ಅಡ್ಡಗೆರೆಗಳು ಕಾರ್ಮಿಕರು ನಿಂತು ಕಡಿದ ಹಂತಗಳು, ಓರೆಗೆರೆಗಳು ಕಲ್ಲನ್ನು ಕೆಳಗಿಳಿಸಿದ ಹಳಿದಾರಿಗಳು, ಇಳಿಜಾರಾಗಿ ಹರಡಿದ ಬೂದು ರಾಶಿ ಯಾರಿಗೂ ಬೇಡವಾದ ಕಲ್ಲು. ಈ ದುಡಿಮೆ ಗೋಡೆಯ ಮೇಲಿನ ಚಿತ್ರದಲ್ಲಿ ಓದಲು ಸಿಗುತ್ತದೆಯೋ ಅಥವಾ ಅಂದವಾದ ಬೂದುಬಣ್ಣವಾಗಿ ಅಳಿಸಿಹೋಗುತ್ತದೆಯೋ ಎಂಬುದು ಬೆಳಕಿನಿಂದ ಹಿಡಿದು ಕಾಗದದವರೆಗೆ ಛಾಯಾಗ್ರಾಹಕ ಮತ್ತು ಮುದ್ರಕ ತೆಗೆದುಕೊಳ್ಳುವ ಹತ್ತಾರು ತೀರ್ಮಾನಗಳನ್ನು ಅವಲಂಬಿಸಿದೆ. ಆ ತೀರ್ಮಾನಗಳು ಅರ್ಥವಾಗಬೇಕಾದರೆ ಮೊದಲು ಕಲ್ಲು ಅರ್ಥವಾಗಬೇಕು.

ಉದಾಹರಣೆಗೆ ಡಿನೋರ್ವಿಕ್ ಗಣಿಯನ್ನೇ ತೆಗೆದುಕೊಳ್ಳೋಣ. ಸ್ನೋಡೋನಿಯ ಪರ್ವತ ಪ್ರದೇಶದಲ್ಲಿ, ಲಾನ್‌ಬೆರಿಸ್ ಊರಿನ ಎದುರಿಗೆ, ಪೆರಿಸ್ ಸರೋವರದ ಆಚೆ ದಡದಿಂದಲೇ ಏಳುವ ಎಲಿಡಿರ್ ವೌರ್ ಬೆಟ್ಟದ ಮೈಯನ್ನು ಸುಮಾರು 700 ಎಕರೆಯಷ್ಟು ಕಡಿದು ಮಾಡಿದ ಗಣಿ ಅದು. ವ್ಯವಸ್ಥಿತವಾಗಿ ಕಲ್ಲು ತೆಗೆಯುವ ಕೆಲಸ 1787ರಲ್ಲಿ ಆರಂಭವಾಯಿತು. ಗಣಿ ಉಚ್ಛ್ರಾಯದಲ್ಲಿದ್ದಾಗ 3,000ಕ್ಕೂ ಹೆಚ್ಚು ಮಂದಿ ಇಲ್ಲಿ ದುಡಿಯುತ್ತಿದ್ದರು. 1969ರಲ್ಲಿ ಬಾಗಿಲು ಮುಚ್ಚಿತು. ಇದಕ್ಕಿಂತ ದೊಡ್ಡದಾದ ಗಣಿ ವೇಲ್ಸಿನಲ್ಲಿ ಒಂದೇ, ಬೆಥೆಸ್ಡಾ ಊರಿನ ಪಕ್ಕದ ಪೆನ್ರಿನ್. ಅದು ಇವತ್ತಿಗೂ ಕೆಲಸ ಮಾಡುತ್ತಿದೆ. ಈ ಗಣಿಗಳು, ಅವುಗಳ ರೈಲುದಾರಿಗಳು, ಬಂದರುಗಳು, ಕಾರ್ಮಿಕರ ಊರುಗಳು ಎಲ್ಲವನ್ನೂ ಸೇರಿಸಿ ಯುನೆಸ್ಕೋ 2021ರ ಜುಲೈನಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಮನ್ನಣೆ ಸಿಕ್ಕಿದ್ದು ಬೆಟ್ಟದ ಸೌಂದರ್ಯಕ್ಕಲ್ಲ, ಮನುಷ್ಯರು ಬೆಟ್ಟವನ್ನು ಬದಲಿಸಿದ ಬಗೆಗೆ. ಗೋಡೆಗೆ ಚಿತ್ರ ಆರಿಸುವವರೂ ಈ ವ್ಯತ್ಯಾಸವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

ಕನ್ನಡಿಗರಿಗೆ ಸ್ಲೇಟು ಹೊಸದಲ್ಲ. ಒಂದು ಕಾಲಕ್ಕೆ ಅಕ್ಷರಾಭ್ಯಾಸ ನಡೆದದ್ದೇ ಮರದ ಚೌಕಟ್ಟಿನ ಸ್ಲೇಟಿನ ಮೇಲೆ, ಉತ್ತರ ಕರ್ನಾಟಕದವರು ಪಾಟಿ ಎನ್ನುವ ಅದೇ ಹಲಗೆಯ ಮೇಲೆ. ಆ ಕಲ್ಲು ಅಷ್ಟು ತೆಳ್ಳಗೆ, ಅಷ್ಟು ಸಮತಟ್ಟಾಗಿ ಸೀಳಿಕೊಳ್ಳುವುದೇಕೆ ಎಂಬ ಪ್ರಶ್ನೆಯ ಉತ್ತರದಲ್ಲಿಯೇ ಈ ಗಣಿಗಳ ರೂಪವೂ ಅಡಗಿದೆ. ಸುಮಾರು 50 ಕೋಟಿ ವರ್ಷಗಳ ಹಿಂದೆ, ಕ್ಯಾಂಬ್ರಿಯನ್ ಯುಗದಲ್ಲಿ, ಸಮುದ್ರದ ತಳದಲ್ಲಿ ನಯವಾದ ಕೆಸರು ಪದರ ಪದರವಾಗಿ ಕೂತು ಗಟ್ಟಿಯಾಯಿತು. ಆಮೇಲೆ, ಇಂದಿಗೆ ಸುಮಾರು 40 ಕೋಟಿ ವರ್ಷಗಳ ಹಿಂದೆ, ಭೂಖಂಡಗಳು ಒಂದಕ್ಕೊಂದು ಒತ್ತಿದಾಗ ಆ ಕಲ್ಲು ಹಿಂಡಿಹೋಯಿತು. ಒತ್ತಡ ಬಂದ ದಿಕ್ಕಿಗೆ ಅಡ್ಡಲಾಗಿ ಅದರೊಳಗಿನ ಅಭ್ರಕದಂಥ ಚಪ್ಪಟೆ ಹರಳುಗಳೆಲ್ಲ ಒಂದೇ ಸಾಲಿನಲ್ಲಿ ಮಲಗಿದವು. ಹಾಗಾಗಿ ಸ್ಲೇಟು ಸೀಳಿಕೊಳ್ಳುವುದು ಕೆಸರು ಕೂತ ಪದರದ ಜಾಡಿನಲ್ಲಲ್ಲ, ಹಿಂಡಿದಾಗ ಹುಟ್ಟಿದ ಜಾಡಿನಲ್ಲಿ. ಎರಡೂ ಜಾಡುಗಳು ಬೇರೆ ಬೇರೆ ಕೋನದಲ್ಲಿ ಹಾದುಹೋಗುವ ಬಂಡೆಯನ್ನು ಹತ್ತಿರದಿಂದ ಚಿತ್ರಿಸಿದಾಗ, ಬಣ್ಣದ ಪಟ್ಟಿ ಒಂದು ಕಡೆಗೂ ಸೀಳುಗೆರೆ ಇನ್ನೊಂದು ಕಡೆಗೂ ಓಡುವುದು ಕಾಣುತ್ತದೆ.

ಬಣ್ಣವನ್ನೂ ಇಲ್ಲಿಯೇ ಹೇಳಬೇಕು, ಏಕೆಂದರೆ ಈ ಚಿತ್ರಗಳಲ್ಲಿ ಮೊದಲು ಹಾಳಾಗುವುದೇ ಅದು. ಲಾನ್‌ಬೆರಿಸ್ ಮತ್ತು ಬೆಥೆಸ್ಡಾ ಕಡೆಯ ಸ್ಲೇಟು ಬರೀ ಬೂದಲ್ಲ. ಹೆಮಟೈಟ್ ಎಂಬ ಕಬ್ಬಿಣದ ಆಕ್ಸೈಡ್ ಇರುವ ಕಡೆ ಅದು ನೇರಳೆಗೆಂಪು, ಆ ಕಬ್ಬಿಣ ಆಮ್ಲಜನಕ ಕಳೆದುಕೊಂಡ ಕಡೆ ತಿಳಿಹಸಿರು, ಮಧ್ಯೆ ನೀಲಿಬೂದು. ನೇರಳೆ ಕಲ್ಲಿನ ಹಲಗೆಗಳ ಮೇಲೆ ಅಲ್ಲಲ್ಲಿ ಹಸಿರು ಮಚ್ಚೆಗಳಿರುತ್ತವೆ. ಮೂಲದಲ್ಲಿ ಸರಿಸುಮಾರು ದುಂಡಗಿದ್ದ ಆ ಮಚ್ಚೆಗಳು ಬೆಟ್ಟ ಹಿಂಡಿದಾಗ ಮೊಟ್ಟೆಯಾಕಾರಕ್ಕೆ ಚಪ್ಪಟೆಯಾದವು. ಕಲ್ಲು ಎಷ್ಟು ಹಿಂಡಿಹೋಗಿದೆ ಎಂದು ಲೆಕ್ಕ ಹಾಕಲು ಭೂವಿಜ್ಞಾನಿಗಳು ಅವುಗಳ ಉದ್ದಗಲವನ್ನು ಅಳೆಯುತ್ತಾರೆ. ಅಂಗೈಯಗಲದ ಒಂದು ಚೂರಿನಲ್ಲಿ ಒಂದು ಪರ್ವತಶ್ರೇಣಿ ಹುಟ್ಟಿದ ಒತ್ತಡ ಬರೆದಿಟ್ಟಂತಿರುತ್ತದೆ. ಬ್ಲೈನಾಯ್ ಫೆಸ್ಟಿನಿಯೋಗ್ ಊರಿನ ಸ್ಲೇಟು ಇದಕ್ಕಿಂತ ಈಚಿನದು, ಆರ್ಡೊವಿಶಿಯನ್ ಯುಗದ್ದು, ನೀಲಿಬೂದು ಬಣ್ಣದ್ದು. ಅಲ್ಲಿ ಬಹುಪಾಲು ಕೆಲಸ ನೆಲದೊಳಗಿನ ದೊಡ್ಡ ಕೋಣೆಗಳಲ್ಲಿ ನಡೆಯಿತು. ಹಾಗಾಗಿ ಎಲ್ಲ ಗಣಿಗಳಿಗೂ ಒಂದೇ ತಣ್ಣನೆಯ ಬೂದುಬಣ್ಣ ಹಚ್ಚಿ ಮಾರುವ ಚಿತ್ರಗಳು ಊರಿನ ಗುರುತನ್ನೇ ಅಳಿಸುತ್ತವೆ ಎಂದು ನನಗೆ ಅನ್ನಿಸುತ್ತದೆ.

ಇನ್ನು ದುಡಿಮೆ. ಡಿನೋರ್ವಿಕ್‌ನಲ್ಲಿ ಬೆಟ್ಟವನ್ನು ಸುಮಾರು 20 ಮೀಟರ್ ಎತ್ತರದ ಹಂತಗಳಾಗಿ ಕಡಿಯುತ್ತಿದ್ದರು. ಒಂದೊಂದು ಹಂತಕ್ಕೂ ಒಂದೊಂದು ಹೆಸರು, ಒಂದರ ಹೆಸರು ಆಸ್ಟ್ರೇಲಿಯಾ, ಇನ್ನೊಂದರದು ಕ್ಯಾಲಿಫೋರ್ನಿಯಾ. ನಾಲ್ಕಾರು ಮಂದಿಯ ಒಂದು ತಂಡಕ್ಕೆ ಬಂಡೆಮುಖದಲ್ಲಿ ಕೆಲವೇ ಮೀಟರ್ ಅಗಲದ ಒಂದು ಪಾಲು ಸಿಗುತ್ತಿತ್ತು. ಆ ಪಾಲಿಗೂ ಅದರ ಮೇಲಿನ ಕರಾರಿಗೂ ಬಾರ್ಗನ್ ಎಂದೇ ಹೆಸರು. ಕಲ್ಲು ಒಳ್ಳೆಯದಿದ್ದರೆ ದರ ಕಡಿಮೆ, ಕೆಟ್ಟದಿದ್ದರೆ ಹೆಚ್ಚು. ಅದನ್ನು ತಿಂಗಳಿಗೊಮ್ಮೆ ಗಣಿಯ ಮೇಲ್ವಿಚಾರಕ ಬಂದು ನಿಗದಿ ಮಾಡುತ್ತಿದ್ದ. ತಂಡದಲ್ಲಿ ಕೆಲವರು ಹಗ್ಗವನ್ನು ತೊಡೆಗೆ ಸುತ್ತಿಕೊಂಡು ಬಂಡೆಗೆ ನೇತುಬಿದ್ದು ತೂತು ಕೊರೆದು ಸಿಡಿಸುವವರು, ಉಳಿದವರು ಕೆಳಗೆ ಗುಡಿಸಲಿನಂಥ ಕೊಟ್ಟಿಗೆಯಲ್ಲಿ ಕೂತು ಸೀಳುವವರು. ಸೀಳುವವನು ಕಲ್ಲಿನ ದಿಂಡನ್ನು ಎಡತೊಡೆಗೆ ಒರಗಿಸಿಕೊಂಡು, ಅಗಲ ಬಾಯಿಯ ತೆಳು ಉಳಿಯನ್ನು ಅಂಚಿನ ನಟ್ಟನಡುವೆ ಇಟ್ಟು, ಮರದ ಕೊಡತಿಯಿಂದ ಮೆಲ್ಲಗೆ ಹೊಡೆಯುತ್ತಿದ್ದ. ಉಳಿಯನ್ನು ಸ್ವಲ್ಪ ಅತ್ತಿತ್ತ ಹೊರಳಿಸಿದರೆ ಕಲ್ಲು ಪುಸ್ತಕದಂತೆ ತೆರೆದುಕೊಳ್ಳುತ್ತಿತ್ತು. ಯಾವಾಗಲೂ ಅರ್ಧಕ್ಕೆ ಅರ್ಧ, ಆ ಅರ್ಧದಲ್ಲಿ ಮತ್ತೆ ಅರ್ಧ. ನಡು ತಪ್ಪಿದರೆ ಸೀಳು ತೆಳುವಾದ ಕಡೆಗೆ ಓಡಿ ಹಲಗೆ ಮುರಿಯುತ್ತದೆ. ಬೆಟ್ಟದಿಂದ ಹೊಸದಾಗಿ ಬಂದ, ಒಳತೇವ ಆರದ ಕಲ್ಲು ಮಾತ್ರ ಹೀಗೆ ಮಾತು ಕೇಳುತ್ತದೆ, ಒಣಗಿ ಹಳತಾದದ್ದು ಕೇಳುವುದಿಲ್ಲ.

ಹೀಗೆ ಸೀಳಿ ಅಂಚು ಕತ್ತರಿಸಿದ ಹಲಗೆಗಳಿಗೆ ಅಳತೆಯ ಪ್ರಕಾರ ಸಿರಿವಂತ ಹೆಂಗಸರ ಬಿರುದುಗಳನ್ನು ಇಟ್ಟಿದ್ದರು: 24 ಇಂಚು ಉದ್ದ 12 ಇಂಚು ಅಗಲದ್ದು ಡಚೆಸ್, 20ಕ್ಕೆ 10 ಇಂಚಿನದು ಕೌಂಟೆಸ್, 16ಕ್ಕೆ 8 ಇಂಚಿನದು ಲೇಡಿ. ಅವು ಬ್ರಿಟನ್ನಿನ ಕೈಗಾರಿಕಾ ನಗರಗಳ ಸಾಲುಮನೆಗಳ ಮೇಲೆ ಹೊದಿಕೆಯಾದವು. 1842ರ ಬೆಂಕಿಯಲ್ಲಿ ಸುಟ್ಟುಹೋದ ಹ್ಯಾಂಬರ್ಗ್ ನಗರವನ್ನು ಮತ್ತೆ ಕಟ್ಟಿದಾಗ ಅಲ್ಲಿಗೂ ವೇಲ್ಸಿನ ಸ್ಲೇಟು ಹೋಯಿತು. 1890ರ ದಶಕದ ಕೊನೆಗೆ ವೇಲ್ಸಿನ ಈ ಉದ್ಯಮದಲ್ಲಿ ಸುಮಾರು 17,000 ಮಂದಿ ದುಡಿದು ವರ್ಷಕ್ಕೆ ಸುಮಾರು 5 ಲಕ್ಷ ಟನ್ ಸ್ಲೇಟು ತೆಗೆಯುತ್ತಿದ್ದರು. ಒಂದು ಟನ್ ಮಾರಾಟದ ಹಲಗೆಗೆ ಹತ್ತು ಟನ್‌ನಷ್ಟು, ಎಷ್ಟೋ ಕಡೆ ಅದಕ್ಕಿಂತ ಹೆಚ್ಚು, ಬೇಡದ ಕಲ್ಲು ಬೀಳುತ್ತಿತ್ತು. ಚಿತ್ರದ ಅರ್ಧಭಾಗವನ್ನು ತುಂಬಿಕೊಂಡಿರುವ ಆ ಬೂದು ಇಳಿಜಾರು ಅದೇ. ಸೀಳುವಾಗ ಎದ್ದ ದೂಳು ಮಾತ್ರ ಚಿತ್ರದಲ್ಲಿ ಇಲ್ಲ. ಅದು ಕಾರ್ಮಿಕರ ಶ್ವಾಸಕೋಶದಲ್ಲಿ ಕೂತು ಸಿಲಿಕೋಸಿಸ್ ಆಯಿತು, ಡಿನೋರ್ವಿಕ್ ಮುಚ್ಚಿ ಹತ್ತು ವರ್ಷವಾದ ಮೇಲೆ, 1979ರಲ್ಲಿ, ಅವರಿಗೆ ಪರಿಹಾರ ಕೊಡುವ ಕಾಯಿದೆ ಬಂತು.

ಸ್ಲೇಟು ಗಣಿಯನ್ನು ಚಿತ್ರವಾಗಿಸಿ ಗೋಡೆಗೆ ಹಾಕುವ ರೂಢಿ ಕ್ಯಾಮೆರಾಗಿಂತ ಹಳೆಯದು. ರಾಜಕುಮಾರಿ ವಿಕ್ಟೋರಿಯಾ 1832ರಲ್ಲಿ ಪೆನ್ರಿನ್ ಗಣಿಯನ್ನು ನೋಡಲು ಬಂದಳು. ಅದೇ ವರ್ಷದ್ದೆನ್ನುವ, ಹೆನ್ರಿ ಹಾಕಿನ್ಸ್ ಬಿಡಿಸಿದ ಆ ಗಣಿಯ ದೊಡ್ಡ ತೈಲಚಿತ್ರವೊಂದು ಗಣಿಯ ಒಡೆಯರ ಮನೆಯಾಗಿದ್ದ ಪೆನ್ರಿನ್ ಕೋಟೆಯಲ್ಲಿದೆ. ಆ ಮನೆತನದ ಸಂಪತ್ತಿನ ಬೇರು ಜಮೈಕಾದ ಕಬ್ಬಿನ ತೋಟಗಳಲ್ಲಿ, ಅಲ್ಲಿ ಗುಲಾಮರಾಗಿ ದುಡಿದವರ ಬೆವರಿನಲ್ಲಿತ್ತು. ಹಾಕಿನ್ಸ್ ಚಿತ್ರದಲ್ಲಿ ಬಂಡೆ ಎಷ್ಟು ದೊಡ್ಡದೋ ಅದರ ಮೈಮೇಲೆ ಇರುವೆಗಳಂತೆ ಹರಡಿದ ಜನರೂ ಅಷ್ಟೇ ಮುಖ್ಯ. ಹಗ್ಗದಲ್ಲಿ ನೇತುಬಿದ್ದವರು, ಹಂತಗಳ ಮೇಲೆ ಗುಂಪಾಗಿ ನಿಂತವರು. ಇವತ್ತಿನ ಗೋಡೆಚಿತ್ರಗಳಲ್ಲಿ ಜನ ಒಬ್ಬರೂ ಇಲ್ಲ. ನಿಜವಾಗಿಯೇ ಖಾಲಿಯಾದ ಜಾಗವನ್ನು ಖಾಲಿಯಾಗಿ ತೋರಿಸುವುದರಲ್ಲಿ ತಪ್ಪೇನೂ ಇಲ್ಲ, ಆದರೆ ಆ ಖಾಲಿತನಕ್ಕೂ ಒಂದು ಚರಿತ್ರೆಯಿದೆ. 1900ರ ನವೆಂಬರ್‌ನಲ್ಲಿ ಪೆನ್ರಿನ್‌ನ ಸುಮಾರು 2,800 ಕಾರ್ಮಿಕರು ಸಂಘದ ಹಕ್ಕಿಗಾಗಿ ಕೆಲಸ ಬಿಟ್ಟು ಹೊರನಡೆದು ಮೂರು ವರ್ಷ ಹೊರಗುಳಿದರು. ಕೆಲಸಕ್ಕೆ ಮರಳದವರು ‘ಈ ಮನೆಯಲ್ಲಿ ದ್ರೋಹಿ ಇಲ್ಲ’ ಎಂದು ವೆಲ್ಶ್ ಭಾಷೆಯಲ್ಲಿ ಅಚ್ಚುಮಾಡಿದ ಚೀಟಿಯನ್ನು ಕಿಟಕಿಗೆ ಅಂಟಿಸಿದರು. ಆ ಹೊತ್ತಿಗೆ ಕಟ್ಟಡದ ಕೆಲಸಗಳು ಇಳಿಮುಖವಾಗಿದ್ದವು, ಆಮೇಲೆ ಎರಡು ಯುದ್ಧಗಳು ಬಂದವು, ಅಗ್ಗದ ಹೆಂಚು ಮಾರುಕಟ್ಟೆ ಹಿಡಿಯಿತು, ಗಣಿಗಳು ಒಂದೊಂದಾಗಿ ನಿಂತವು.

ಈಗ ಕ್ಯಾಮೆರಾದ ಮಾತಿಗೆ ಬರಬಹುದು. ಒಣಗಿದ ಸ್ಲೇಟನ್ನು ಒದ್ದೆ ಬಟ್ಟೆಯಿಂದ ಒರೆಸಿದ ಕ್ಷಣದಲ್ಲಿ ಅದು ಕಪ್ಪಾಗಿ ಮಿಂಚಿ, ನೀರಾರಿದಂತೆ ಮತ್ತೆ ಬಿಳಿಚಿಕೊಳ್ಳುವುದನ್ನು ಶಾಲೆಯಲ್ಲಿ ಎಲ್ಲರೂ ನೋಡಿದ್ದೇವೆ. ಒಣಕಲ್ಲಿನ ಮೇಲ್ಮೈ ಕಣ್ಣಿಗೆ ಕಾಣದಷ್ಟು ತರಿತರಿಯಾಗಿರುತ್ತದೆ. ಬಿದ್ದ ಬೆಳಕು ಆ ತರಿಗಳಿಂದ ಎಲ್ಲ ದಿಕ್ಕಿಗೂ ಚದುರಿ, ಕಲ್ಲಿನ ನಿಜವಾದ ಬಣ್ಣದ ಮೇಲೆ ಬಿಳಿಯ ಒಂದು ತೆಳುಪೊರೆ ಎಳೆದಂತಾಗುತ್ತದೆ. ನೀರು ಆ ತರಿಗಳನ್ನು ತುಂಬಿದಾಗ ಚದುರುವಿಕೆ ಕಡಿಮೆಯಾಗಿ ಒಳಗಿನ ನೇರಳೆ, ಹಸಿರು ಹೊರಬರುತ್ತವೆ. ಹಾಗಾಗಿ ಸ್ಲೇಟು ಗಣಿಯನ್ನು ಚಿತ್ರಿಸಲು ಒಳ್ಳೆಯ ಹೊತ್ತು ಬಿಸಿಲಿನ ನಡುಹಗಲಲ್ಲ, ಮಳೆ ಬಂದು ನಿಂತ ಹೊತ್ತು. ಸ್ನೋಡೋನಿಯ ಬ್ರಿಟನ್ನಿನಲ್ಲೇ ಅತಿ ಹೆಚ್ಚು ಮಳೆ ಬೀಳುವ ಪ್ರದೇಶಗಳಲ್ಲಿ ಒಂದಾದ್ದರಿಂದ ಅಂಥ ಹೊತ್ತಿಗೆ ಅಲ್ಲಿ ಕೊರತೆಯಿಲ್ಲ. ಮೋಡದ ಹೊದಿಕೆ ಇಡೀ ಆಕಾಶವನ್ನು ಒಂದು ದೊಡ್ಡ ದೀಪವನ್ನಾಗಿ ಮಾಡಿ, ನೆರಳುಗಳನ್ನು ಮೃದುಗೊಳಿಸಿ, ಕಪ್ಪು ಬಂಡೆಗೂ ಬಿಳಿ ಆಕಾಶಕ್ಕೂ ನಡುವಿನ ಅಂತರವನ್ನು ಕ್ಯಾಮೆರಾ ಹಿಡಿಯಬಲ್ಲಷ್ಟಕ್ಕೆ ಇಳಿಸುತ್ತದೆ.

ಒದ್ದೆ ಕಲ್ಲಿನಲ್ಲಿ ಒಂದು ತೊಡಕೂ ಇದೆ. ನೀರಿನ ಪೊರೆ ಬಣ್ಣವನ್ನು ತೆರೆದು ತೋರಿಸುವಾಗಲೇ ಆಕಾಶವನ್ನೂ ಪ್ರತಿಫಲಿಸುತ್ತದೆ, ಆಗ ಬಂಡೆಯ ಅರ್ಧ ಮುಖ ಬೆಳ್ಳಗೆ ಹೊಳೆದು ವಿವರ ಮುಚ್ಚಿಹೋಗುತ್ತದೆ. ಇದಕ್ಕೆ ಲೆನ್ಸಿನ ಮುಂದೆ ಪೋಲರೈಸರ್ ಎಂಬ ತಿರುಗುವ ಫಿಲ್ಟರ್ ಹಾಕುತ್ತಾರೆ. ನೀರಿನಂಥ, ಲೋಹವಲ್ಲದ ಮೇಲ್ಮೈಯಿಂದ ಓರೆಯಾಗಿ ಹಿಂತಿರುಗುವ ಬೆಳಕಿನ ಕಂಪನ ಹೆಚ್ಚಾಗಿ ಒಂದೇ ತಲದಲ್ಲಿರುತ್ತದೆ, ಫಿಲ್ಟರನ್ನು ತಿರುಗಿಸಿ ಆ ತಲದ ಬೆಳಕನ್ನು ತಡೆಯಬಹುದು; ಮೇಲ್ಮೈಗೆ ಸುಮಾರು 37 ಡಿಗ್ರಿ ಓರೆಯಲ್ಲಿ ನೋಡಿದಾಗ ಪರಿಣಾಮ ಅತಿ ಹೆಚ್ಚು. ಆದರೆ ಹೊಳಪನ್ನು ಪೂರ್ತಿ ತೆಗೆದರೆ ಒದ್ದೆ ಕಲ್ಲು ಒದ್ದೆಯಾಗಿ ಕಾಣುವುದೇ ಇಲ್ಲ, ಬಣ್ಣ ಬಳಿದ ರಟ್ಟಿನಂತೆ ಸತ್ತುಹೋಗುತ್ತದೆ. ಅರ್ಧಕ್ಕೆ ನಿಲ್ಲಿಸಿ, ಅಂಚುಗಳಲ್ಲಿ ಒಂದಿಷ್ಟು ಹೊಳಪನ್ನು ಉಳಿಸಿಕೊಳ್ಳುವುದೇ ಸರಿಯಾದ ಹದ. ಗೋಡೆಯ ಮೇಲಿನ ಚಿತ್ರದಲ್ಲಿ ತೇವ ಕಾಣುತ್ತದೆ ಅನ್ನಿಸಿದರೆ ಆ ಹದ ಸಿಕ್ಕಿದೆ ಎಂದರ್ಥ.

ಕ್ಯಾಮೆರಾದ ಬೆಳಕಿನ ಮಾಪಕವೂ ಇಲ್ಲಿ ಎಡವುತ್ತದೆ. ಎದುರಿಗಿರುವುದೆಲ್ಲ ಸರಾಸರಿ ನಡುಬೂದು ಎಂದುಕೊಂಡೇ ಅದು ಲೆಕ್ಕ ಹಾಕುವುದರಿಂದ, ಕಪ್ಪು ಬಂಡೆ ಚೌಕಟ್ಟನ್ನು ತುಂಬಿದಾಗ ಬೆಳಕನ್ನು ಹೆಚ್ಚಿಸಿ ಸ್ಲೇಟನ್ನು ಸಿಮೆಂಟಿನ ಬಣ್ಣಕ್ಕೆ ತರುತ್ತದೆ. ಬಣ್ಣದ ಸಮತೋಲನದಲ್ಲಿ ಇದಕ್ಕಿಂತ ಸೂಕ್ಷ್ಮವಾದ ಕಷ್ಟವಿದೆ: ನೆರಳಿನಲ್ಲಿರುವ ಬಂಡೆಗೆ ನೀಲಿ ಆಕಾಶದ ಬೆಳಕೇ ಬೀಳುವುದರಿಂದ ಕಲ್ಲು ಇರುವುದಕ್ಕಿಂತ ನೀಲಿಯಾಗಿ ಕಾಣುತ್ತದೆ, ಅದನ್ನು ತಾನೇ ಸರಿಪಡಿಸಲು ಹೊರಟ ಕ್ಯಾಮೆರಾ ನೀಲಿಯ ಜೊತೆಗೆ ಕಲ್ಲಿನ ಸ್ವಂತ ನೇರಳೆಯನ್ನೂ ದೋಷವೆಂದು ಬಗೆದು ತೆಗೆದುಹಾಕುತ್ತದೆ. ಅದೇ ಬೆಳಕಿನಲ್ಲಿ, ಬೇರೆ ಯಾವ ಬಣ್ಣದ ಛಾಯೆಯೂ ಇಲ್ಲದ ಬೂದು ಕಾರ್ಡೊಂದನ್ನು ಹಿಡಿದು ಒಂದು ಚಿತ್ರ ತೆಗೆದಿಟ್ಟುಕೊಂಡರೆ, ಆಕಾಶದ ನೀಲಿ ಎಷ್ಟು, ಕಲ್ಲಿನ ನೇರಳೆ ಎಷ್ಟು ಎಂದು ಆಮೇಲೆ ಬಿಡಿಸಿ ನೋಡಬಹುದು.

ಬೆಳಕಿನ ದಿಕ್ಕು ಇನ್ನೊಂದು ವಿಷಯ. ಡಿನೋರ್ವಿಕ್‌ನ ಹಂತಗಳು ಹೆಚ್ಚಾಗಿ ನೈಋತ್ಯಕ್ಕೆ, ಸರೋವರದ ಕಡೆಗೆ ಮುಖಮಾಡಿವೆ. ಬೆಳಿಗ್ಗೆ ಅವು ಬೆಟ್ಟದ ನೆರಳಿನಲ್ಲಿರುತ್ತವೆ, ಮಧ್ಯಾಹ್ನದ ಮೇಲೆ ಬೆಳಕು ಬರುತ್ತದೆ. ಸುಮಾರು 53 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಈ ಊರಿನಲ್ಲಿ ಡಿಸೆಂಬರ್‌ನ ನಟ್ಟನಡುಹಗಲಿನಲ್ಲೂ ಸೂರ್ಯ ದಿಗಂತದಿಂದ 13 ಡಿಗ್ರಿಯ ಆಸುಪಾಸಿಗಿಂತ ಮೇಲೇರುವುದಿಲ್ಲ. ನೆತ್ತಿಯ ಮೇಲೆ ಸೂರ್ಯನನ್ನು ಕಂಡು ಬೆಳೆದ ನಮಗೆ ಅದನ್ನು ಕಲ್ಪಿಸಿಕೊಳ್ಳುವುದೂ ಕಷ್ಟ. ಆ ಓರೆ ಬೆಳಕು ಕಲ್ಲಿನ ರಾಶಿಯನ್ನು ಸವರಿಕೊಂಡು ಹೋಗುವಾಗ ಪ್ರತಿ ಚೂರಿಗೂ ತನ್ನದೇ ನೆರಳು ಬಂದು, ದೂರದಿಂದ ಮಣ್ಣಿನ ಗುಡ್ಡದಂತೆ ಕಂಡದ್ದು ಕೋಟಿಗಟ್ಟಲೆ ಚೂರುಗಳ ಗುಡ್ಡೆಯೆಂದು ತಿಳಿಯುತ್ತದೆ.

ಇಲ್ಲಿ ಎಲ್ಲಕ್ಕಿಂತ ಕಷ್ಟವಾದದ್ದು ಗಾತ್ರವನ್ನು ತೋರಿಸುವುದು. ಬಂಡೆಗೂ ಬಂಡೆಯ ಚೂರಿಗೂ ಒಂದೇ ರೂಪ, ಒಂದೇ ಬಣ್ಣ. ಪಕ್ಕದಲ್ಲಿ ಗುರುತಿನ ವಸ್ತು ಇಲ್ಲದಿದ್ದರೆ 20 ಮೀಟರ್ ಹಂತ ಮೊಣಕಾಲೆತ್ತರದ ಕಟ್ಟೆಯಂತೆ ಕಾಣಬಹುದು. ಅಗಲ ಕೋನದ ಲೆನ್ಸು ಮುಂದಿನ ಕಲ್ಲನ್ನು ಹಿಗ್ಗಿಸಿ ಹಿಂದಿನ ಹಂತಗಳನ್ನು ಕುಗ್ಗಿಸುವುದರಿಂದ ಈ ಭ್ರಮೆ ಇನ್ನೂ ಹೆಚ್ಚುತ್ತದೆ. ಕಣಿವೆಯ ಎದುರುಬದಿಗೆ ಹೋಗಿ, ದೂರದ್ದನ್ನು ಹತ್ತಿರ ತರುವ 100ರಿಂದ 200 ಮಿಲಿಮೀಟರ್ ಲೆನ್ಸಿನಲ್ಲಿ ಕಿರಿದಾದ ಒಂದು ಪಾಲನ್ನು ಆರಿಸಿಕೊಂಡಾಗ ಹಂತಗಳು ಒಂದರ ಮೇಲೊಂದು ಪೇರಿಸಿಟ್ಟಂತೆ ಬರುತ್ತವೆ. ಆ ಚೌಕಟ್ಟಿನ ಮೂಲೆಯಲ್ಲಿ ಒಂದು ಬಾಗಿಲ ಚೌಕವೋ ಹಳಿದಾರಿಯ ನೆತ್ತಿಯಲ್ಲಿ ಬಂಡಿಗಳ ಹಗ್ಗ ಸುತ್ತುವ ಉರುಳೆಯಿದ್ದ ಡ್ರಮ್ ಮನೆಯೋ ಇದ್ದರೆ ಸಾಕು, ಕಣ್ಣು ಅಳೆಯತೊಡಗುತ್ತದೆ. ನನ್ನ ಮಟ್ಟಿಗೆ ಈ ಗಣಿಯ ಒಳ್ಳೆಯ ಚಿತ್ರಗಳೆಲ್ಲ ಇಂಥವೇ, ಇಡೀ ಬೆಟ್ಟವನ್ನು ತುಂಬಿಕೊಳ್ಳಲು ಹೊರಟವಲ್ಲ.

ಅಂಥ ಅಳತೆಗೋಲುಗಳಲ್ಲಿ ಒಂದು ಆಂಗ್ಲ್‌ಸೀ ಬ್ಯಾರಕ್ಸ್. ಆಂಗ್ಲ್‌ಸೀ ದ್ವೀಪದಿಂದ ಬರುತ್ತಿದ್ದ ಕಾರ್ಮಿಕರು ವಾರವಿಡೀ ಉಳಿದುಕೊಳ್ಳುತ್ತಿದ್ದ ಬಿಡಾರ ಅದು. ಇಕ್ಕಟ್ಟಾದ ಓಣಿಯ ಎರಡು ಬದಿಗೆ ಎದುರುಬದುರಾಗಿ ಒಂದೊಂದು ಸಾಲು, ಒಂದೊಂದು ಸಾಲಿನಲ್ಲಿ 11 ಮನೆ, ಒಂದೊಂದು ಮನೆಯಲ್ಲಿ ಒಲೆಯಿರುವ ಒಂದು ಕೋಣೆ ಮತ್ತು ಮಲಗಲು ಒಂದು ಕೋಣೆ. ಸೋಮವಾರ ಬೆಳಗಿನ ಜಾವ ಮನೆ ಬಿಟ್ಟರೆ ಶನಿವಾರ ವಾಪಸು. 1948ರಲ್ಲಿ ಆರೋಗ್ಯ ಇಲಾಖೆಯ ತನಿಖೆಯ ನಂತರ ಇದು ವಾಸಕ್ಕೆ ಯೋಗ್ಯವಲ್ಲವೆಂದು ಮುಚ್ಚಿಸಿದರು. ಈಗ ಚಾವಣಿ ಇಲ್ಲ. ಒಲೆಯ ಗೂಡುಗಳ ಸಾಲು, ಓಣಿಯ ತುದಿಯಲ್ಲಿ ಆಕಾಶ, ಗೋಡೆಯ ಬುಡದಲ್ಲಿ ಜರೀಗಿಡ. ಛಾಯಾಗ್ರಾಹಕರು ಸಾಮಾನ್ಯವಾಗಿ ಓಣಿಯ ನಡುವೆ ನಿಂತು ಎರಡು ಸಾಲುಗಳನ್ನೂ ಸಮವಾಗಿ ಹಿಡಿಯುತ್ತಾರೆ, ಚಿತ್ರ ಅಂದವಾಗಿಯೂ ಬರುತ್ತದೆ. ಆದರೆ ಗೋಡೆಯ ಹತ್ತಿರ ಬಂದು ನೋಡಿದರೆ ಅದನ್ನು ಕಟ್ಟಿರುವುದೂ ಗಣಿಯಲ್ಲಿ ಉಳಿದ ಸ್ಲೇಟಿನ ಚೂರುಗಳಿಂದಲೇ ಎಂದು ತಿಳಿಯುತ್ತದೆ. ತೆಳುವಾದ ನೂರಾರು ಅಂಚುಗಳು ಹಾಳೆಯ ಕಟ್ಟಿನಂತೆ ಒಂದರ ಮೇಲೊಂದು ಕೂತಿವೆ. ಮುದ್ರಿಸಿ ಗೋಡೆಗೆ ಹಾಕಲು ನಾನಾದರೆ ಓಣಿಗಿಂತ ಆ ಮೂರಡಿ ಗೋಡೆಯನ್ನೇ ಆರಿಸಿಕೊಳ್ಳುತ್ತೇನೆ.

ಗಣಿಯ ಒಳಗೆ ಬತ್ತಿದ ಮರಗಳು ನಿಂತಿರುವ ಒಂದು ನೀರಿನ ಹೊಂಡವಿದೆ. ಬಂಡೆ ಹತ್ತುವವರು ಅದಕ್ಕೆ ಡಾಲಿಯ ಹೊಂಡ ಎಂದು ಹೆಸರಿಟ್ಟಿದ್ದಾರೆ; ಈ ಗಣಿಯ ಚಿತ್ರಗಳಲ್ಲಿ ಬಹುಶಃ ಅತಿ ಹೆಚ್ಚು ಕಾಣಸಿಗುವುದು ಅದೇ. ಹೊಂಡದ ನೀರು ಏರಿಳಿಯುತ್ತಿರುತ್ತದೆ, ಹಾಗಾಗಿ ಒಂದು ಚಿತ್ರದಲ್ಲಿ ಮರ ಸೊಂಟದವರೆಗೆ ಮುಳುಗಿದ್ದರೆ ಇನ್ನೊಂದರಲ್ಲಿ ಒಣನೆಲದ ಮೇಲೆ ನಿಂತಿರುತ್ತದೆ. ಕೆಳಗಿನ ಪೆರಿಸ್ ಸರೋವರದ ಅಂಚಿನ ಕಥೆ ಬೇರೆ. 1974ರಲ್ಲಿ ಕೆಲಸ ಆರಂಭವಾಗಿ 1984ರಲ್ಲಿ ಉದ್ಘಾಟನೆಯಾದ ಡಿನೋರ್ವಿಗ್ ವಿದ್ಯುದಾಗಾರ ಈ ಬೆಟ್ಟದ ಹೊಟ್ಟೆಯೊಳಗಿದೆ. ಬೇಡಿಕೆ ಕಡಿಮೆಯಿದ್ದಾಗ ಪೆರಿಸ್ ನೀರನ್ನು ಮೇಲಿನ ಮಾರ್ಕ್ಲಿನ್ ಮಾವರ್ ಜಲಾಶಯಕ್ಕೆ ಎತ್ತಿ, ಬೇಡಿಕೆ ಏರಿದಾಗ ಕೆಳಕ್ಕೆ ಬಿಟ್ಟು ವಿದ್ಯುತ್ ತಯಾರಿಸುತ್ತಾರೆ. ಚಿತ್ರದಲ್ಲಿ ಸರೋವರದ ಸುತ್ತ ಬೋಳು ಕಲ್ಲಿನ ಪಟ್ಟಿ ಕಂಡರೆ ಅದು ಬರಗಾಲದ ಗುರುತಲ್ಲ, ವಿದ್ಯುತ್ತಿನದು. ಗಣಿಯಲ್ಲಿ ಸಾರ್ವಜನಿಕ ಕಾಲುದಾರಿ ಇದೆ, ಬೇಲಿ ಹಾಕಿದ ಜಾಗಗಳೂ ಇವೆ. ಸಡಿಲ ಬಂಡೆ ಯಾವ ಹೊತ್ತಿನಲ್ಲಾದರೂ ಉರುಳಬಹುದಾದ್ದರಿಂದ ಯಾವ ಚಿತ್ರಕ್ಕಾಗಿಯೂ ಆ ಬೇಲಿ ದಾಟಬಾರದು.

ತೆಗೆದ ಚಿತ್ರವನ್ನು ಕಂಪ್ಯೂಟರಿನಲ್ಲಿ ಹದಗೊಳಿಸುವಾಗ ಈ ವಸ್ತುವಿಗೆ ಆಗುವ ದೊಡ್ಡ ಅನ್ಯಾಯವೆಂದರೆ ಎಲ್ಲ ಕಲ್ಲಿಗೂ ಒಂದೇ ಸಮನೆ ಹರಿತ ಕೊಡುವುದು. ನೆರಳನ್ನೆಲ್ಲ ಎತ್ತಿ, ಬೆಳಕನ್ನೆಲ್ಲ ಇಳಿಸಿ, ಪ್ರತಿ ಚೂರಿನ ಅಂಚನ್ನೂ ಗೀಚಿದಂತೆ ಮಾಡಿದಾಗ ರಾಶಿಯೂ ಹಂತವೂ ಗೋಡೆಯೂ ಒಂದೇ ದನಿಯಲ್ಲಿ ಕೂಗುತ್ತವೆ, ಕಣ್ಣಿಗೆ ನಿಲ್ಲಲು ಜಾಗವಿಲ್ಲದಂತಾಗುತ್ತದೆ. ತ್ಯಾಜ್ಯದ ರಾಶಿ ಹಿಂದೆ ಸರಿಯಬೇಕು. ಮನುಷ್ಯ ಕಡಿದ ಅಂಚು ಮುಂದೆ ಬರಬೇಕು.

ಮುದ್ರಣಕ್ಕೆ ಬಂದಾಗ ಲೆಕ್ಕ ಸರಳ. 6000ಕ್ಕೆ 4000 ಪಿಕ್ಸೆಲ್‌ಗಳ, ಅಂದರೆ 24 ಮೆಗಾಪಿಕ್ಸೆಲ್‌ನ ಕಡತವನ್ನು ಇಂಚಿಗೆ 300 ಪಿಕ್ಸೆಲ್‌ನಂತೆ ಮುದ್ರಿಸಿದರೆ 20 ಇಂಚು ಅಗಲ ಬರುತ್ತದೆ, 150ರಂತೆ ಮುದ್ರಿಸಿದರೆ 40 ಇಂಚು. ಸೋಫಾದ ಮೇಲೆ ತೂಗುವ, ಏಳೆಂಟು ಅಡಿ ದೂರದಿಂದ ನೋಡುವ ಚಿತ್ರಕ್ಕೆ 150 ಸಾಕಾಗುತ್ತದೆ ಎನ್ನುವುದು ಸಾಮಾನ್ಯ ಸೂತ್ರ. ಆದರೆ ಸ್ಲೇಟಿನ ಚಿತ್ರವನ್ನು ಜನ ಹತ್ತಿರ ಬಂದು ನೋಡುತ್ತಾರೆ, ನೋಡಲೂ ಬೇಕು. ಆ ತೆಳು ಅಂಚುಗಳೇ ಅದರ ಜೀವಾಳ. ಆದ್ದರಿಂದ ಇಲ್ಲಿ ಅಳತೆಯನ್ನು ಸ್ವಲ್ಪ ಕಡಿಮೆ ಮಾಡಿ ವಿವರ ಉಳಿಸಿಕೊಳ್ಳುವುದು ಮೇಲು. ಕ್ಯಾನ್ವಾಸ್ ಬಟ್ಟೆಯ ನೇಯ್ಗೆ ಈ ಸೂಕ್ಷ್ಮ ಗೆರೆಗಳ ಮೇಲೆ ತನ್ನ ಗೆರೆ ಎಳೆದುಬಿಡುತ್ತದೆ, ಅಲ್ಯುಮಿನಿಯಮ್ ಹಾಳೆಯ ಮೇಲಿನ ಮುದ್ರಣ ಕಲ್ಲನ್ನು ಉಕ್ಕಿನಂತೆ ಮಿನುಗಿಸುತ್ತದೆ. ಎರಡೂ ಈ ವಸ್ತುವಿಗೆ ಒಗ್ಗುವುದಿಲ್ಲ.

ಉಳಿಯುವುದು ಕಾಗದ, ಅದರಲ್ಲಿ ಮ್ಯಾಟ್ ಮತ್ತು ಹೊಳಪಿನದು ಎಂಬ ಎರಡು ದಾರಿ. ಒಳ್ಳೆಯ ಹೊಳಪಿನ ಕಾಗದದ ಮೇಲಿನ ಅತಿ ಗಾಢ ಕಪ್ಪು, ಬಿದ್ದ ಬೆಳಕಿನಲ್ಲಿ ಶೇ. 0.5ರ ಆಸುಪಾಸನ್ನು ಹಿಂತಿರುಗಿಸಿದರೆ, ಹತ್ತಿಯ ಮ್ಯಾಟ್ ಕಾಗದದ ಕಪ್ಪು ಸುಮಾರು ಶೇ. 2ರಷ್ಟನ್ನು ಹಿಂತಿರುಗಿಸುತ್ತದೆ. ಕೇಳಲು ಚಿಕ್ಕ ವ್ಯತ್ಯಾಸ, ಆದರೆ ಚಿತ್ರದ ಬಹುಪಾಲು ಕಪ್ಪು ಮತ್ತು ಗಾಢ ಬೂದಿನಲ್ಲೇ ಇರುವಾಗ ಇದೇ ನಿರ್ಣಾಯಕವಾಗುತ್ತದೆ: ಮ್ಯಾಟ್ ಕಾಗದದಲ್ಲಿ ಅತ್ಯಂತ ಗಾಢ ನೆರಳುಗಳು ಒಂದಕ್ಕೊಂದು ಕೂಡಿಕೊಂಡು ಬಂಡೆಯ ಬಿರುಕು ಕಾಣದಂತಾಗಬಹುದು. ಹಾಗಿದ್ದರೂ ಸ್ಲೇಟಿಗೆ ಮ್ಯಾಟ್ ಕಾಗದವೇ ಸರಿ ಎಂದು ನನ್ನ ಅಭಿಪ್ರಾಯ, ಏಕೆಂದರೆ ಆ ಕಲ್ಲಿನ ಮೈಯೂ ಹೊಳಪಿಲ್ಲದ, ಬೆಳಕನ್ನು ಮೆತ್ತಗೆ ಹೀರುವ ಮೈ. ಮುದ್ರಿಸುವ ಮೊದಲು ಆ ಕಾಗದದ ಮೇಲೆ ಆ ಮಸಿಯ ಬಣ್ಣ ಹೇಗೆ ಮೂಡುತ್ತದೆಂದು ಕಂಪ್ಯೂಟರಿಗೆ ತಿಳಿಸುವ ಐಸಿಸಿ ಪ್ರೊಫೈಲ್ ಎಂಬ ಕಡತ ಹಾಕಿ ಪರದೆಯ ಮೇಲೇ ಫಲಿತಾಂಶವನ್ನು ಊಹಿಸಿ ನೋಡಿ, ಕೂಡಿಕೊಳ್ಳುವ ನೆರಳುಗಳನ್ನು ಅಷ್ಟೇ ತುಸು ಎತ್ತಿಕೊಂಡರೆ ತೊಡಕು ಬಹುಮಟ್ಟಿಗೆ ಬಗೆಹರಿಯುತ್ತದೆ. ಪರದೆಯ ಹೊಳಪನ್ನೂ ಮೊದಲೇ ತಗ್ಗಿಸಿಟ್ಟುಕೊಳ್ಳಬೇಕು. ಪರದೆ ತಾನೇ ಬೆಳಗುವ ವಸ್ತು, ಕಾಗದ ಬಿದ್ದ ಬೆಳಕನ್ನಷ್ಟೇ ಹಿಂತಿರುಗಿಸುವ ವಸ್ತು; ಪೂರ್ತಿ ಹೊಳಪಿನ ಪರದೆಯನ್ನು ನಂಬಿ ನಾನು ಮುದ್ರಣಕ್ಕೆ ಕಳಿಸಿದ ಗಾಢ ಚಿತ್ರವೊಂದು ಇದ್ದಿಲಿನ ಹಾಳೆಯಂತೆ ವಾಪಸಾದ ಮೇಲೆಯೇ ಈ ಪಾಠ ನನಗೆ ಮನವರಿಕೆಯಾದದ್ದು.

ಗೋಡೆಯ ಮೇಲೆ ಇಂಥ ಚಿತ್ರಕ್ಕೆ ಬೆಳಕು ಬೇಕೇ ಬೇಕು. ಮಂದ ಬೆಳಕಿನ ಮೂಲೆಯಲ್ಲಿ ನೇರಳೆಯೂ ಹಸಿರೂ ಕಣ್ಣಿಗೆ ಒಂದೇ ಆಗುತ್ತವೆ. ಬಣ್ಣಗಳನ್ನು ನಿಜವಾಗಿ ತೋರಿಸುವ, ವರ್ಣನಿಷ್ಠೆಯ ಸೂಚ್ಯಂಕ 90ಕ್ಕಿಂತ ಹೆಚ್ಚಿರುವ ದೀಪವೊಂದನ್ನು ಮೇಲಿನಿಂದ ಓರೆಯಾಗಿ ಬಿಟ್ಟರೆ ಅವು ಬೇರೆಯಾಗುತ್ತವೆ. ನೇರ ಬಿಸಿಲು ಬೀಳುವ ಗೋಡೆ ಬೇಡ. ಕಪ್ಪು ಚಿತ್ರದ ಮುಂದಿನ ಸಾಮಾನ್ಯ ಗಾಜು ಕನ್ನಡಿಯಂತೆ ಎದುರಿನ ಕಿಟಕಿಯನ್ನೇ ತೋರಿಸುವುದರಿಂದ ಪ್ರತಿಫಲನ ತಗ್ಗಿಸುವ ಗಾಜಿಗೆ ಖರ್ಚು ಮಾಡುವುದು ಸಾರ್ಥಕ. ಮಲೆನಾಡು, ಕರಾವಳಿಯ ಮನೆಗಳಲ್ಲಿ ಮಳೆಗಾಲದ ಗೋಡೆ ತೇವ ಹಿಡಿಯುವುದರಿಂದ ಚೌಕಟ್ಟಿನ ಹಿಂಬದಿಯ ನಾಲ್ಕು ಮೂಲೆಗೆ ಸಣ್ಣ ಬಿರಡೆಗಳನ್ನು ಅಂಟಿಸಿ ಗಾಳಿಯಾಡಲು ಬಿಡಬೇಕು.

ಚೌಕಟ್ಟಿನ ಹಿಂದೆ ಒಂದು ಚೀಟಿ ಇರಲಿ. ‘ಬೂದು ಬೆಟ್ಟ’, ‘ಮೌನ’ ಎಂಬಂಥ ಶೀರ್ಷಿಕೆಗಳು ಎಲ್ಲ ಊರಿಗೂ ಹೊಂದುತ್ತವೆ. ಚೀಟಿಯ ಮೇಲೆ ಗಣಿಯ ಹೆಸರು, ಹಂತಕ್ಕೆ ಕಾರ್ಮಿಕರು ಇಟ್ಟಿದ್ದ ಹೆಸರು, ಗಣಿ ಮುಚ್ಚಿದ ವರ್ಷ, ಚಿತ್ರ ತೆಗೆದ ವರ್ಷ ಇಷ್ಟನ್ನು ಬರೆದರೆ ಸಾಕು: ಡಿನೋರ್ವಿಕ್, ಆಸ್ಟ್ರೇಲಿಯಾ ಹಂತ, 1969, ಅದರ ಕೆಳಗೆ ಛಾಯಾಗ್ರಾಹಕ ಅಲ್ಲಿ ನಿಂತ ದಿನ.